ನ್ಯೂ ಇಂಗ್ಲೆಂಡಿನಲ್ಲಿ ಗುಡಾರವಾಸ

"ಅಲ್ವೋ, ಸಾಲ ಮಾಡಿ ಇಷ್ಟು ದೊಡ್ಡ ಮನೆ ತಗೊಂಡು, ಅದಕ್ಕೆ ಬೀಗ ಹಾಕಿ, ದುಡ್ಡು ಕೊಟ್ಟು ಕಾಡಿನಲ್ಲಿ ನೆಲದ ಮೇಲೆ ಮಲಗೋದಕ್ಕೆ ಹೋಗ್ತೀವಾ?"

2002ರ ಆಗಸ್ಟಿನಲ್ಲಿ ನಮ್ಮ ನ್ಯೂಜೆರ್ಸಿಯ ಮನೆಯ ಗ್ಯಾರೇಜಿನಲ್ಲಿ ನಿಂತು, ನಾನು ವ್ಯಾನಿಗೆ ಸಾಮಾನು ತುಂಬುವುದನ್ನು ನೋಡುತ್ತಾ ಅಪ್ಪ ಕೇಳಿದ ಪ್ರಶ್ನೆ ಇದು. ಊರಿನಿಂದ ಅಪ್ಪ ಅಮ್ಮ ಮೊದಲ ಬಾರಿಗೆ ಬಂದಿದ್ದರು. ನಯಾಗರ, ವಾಷಿಂಗ್ಟನ್, ದೇವಸ್ಥಾನಗಳು ಎಲ್ಲಾ ಮುಗಿದಿದ್ದವು. ನನಗೆ ಆಗ ಕ್ಯಾಂಪಿಂಗ್ ಹುಚ್ಚು ಹೊಸದು. ಗುಡಾರ, ಸ್ಲೀಪಿಂಗ್ ಬ್ಯಾಗ್, ಸಣ್ಣ ಗ್ಯಾಸ್ ಒಲೆ, ಅಮ್ಮನ ಪುಳಿಯೋಗರೆ ಗೊಜ್ಜು, ಒಂದು ಡಬ್ಬಿ ಅವಲಕ್ಕಿ, ಆರು ವರ್ಷದ ಮಗ, ಮೂರು ವರ್ಷದ ಮಗಳು, ಹೆಂಡತಿ, ಅಪ್ಪ, ಅಮ್ಮ. ಇಷ್ಟನ್ನೂ ಹೇರಿಕೊಂಡು ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ಸುತ್ತಿ ಒಂಬತ್ತು ದಿನಕ್ಕೆ ಮನೆ ಸೇರಿದ್ದೆವು.

ಮೊನ್ನೆ 2025ರ ಆಗಸ್ಟಿನಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋಗಿ ಬಂದೆವು. ಈ ಸಲ ಸ್ಟೀರಿಂಗ್ ಹಿಡಿದವನು ಮಗ, ಎಲ್ಲಾ ರಿಸರ್ವೇಶನ್ ಮಾಡಿದವಳು ಮಗಳು. ಐವತ್ತಾರರ ನನ್ನ ಪಾಲಿಗೆ ಬಂದ ಕೆಲಸ ಹಿಂದಿನ ಸೀಟಿನಲ್ಲಿ ಕೂತು, "ಅಜ್ಜ ಇಲ್ಲಿ ಹೀಗಂದಿದ್ರು" ಎಂದು ಹೇಳುವುದು ಮಾತ್ರ. ಆ ಎರಡೂ ಪ್ರವಾಸಗಳನ್ನು ಸೇರಿಸಿ ಬರೆದದ್ದು ಈ ಲೇಖನ.

ಸ್ವಾಮೀಜಿಯ ಪೈನ್ ಮರ

ಉತ್ತರಕ್ಕೆ ಹೋಗುವ ಇಂಟರ್‌ಸ್ಟೇಟ್ 95ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಪುಟ್ಟ ಕರಾವಳಿಯನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ದಾಟಿ, ಪಿಸ್ಕಾಟಕ್ವಾ ನದಿಯ ಸೇತುವೆ ಹತ್ತಿ ಇಳಿದರೆ ಮೇನ್ ರಾಜ್ಯ. ಎಲ್ಲರೂ ಸೀಗಡಿಯ ದೊಡ್ಡಣ್ಣನಂತಿರುವ ಲಾಬ್‌ಸ್ಟರ್ ತಿನ್ನಲು ಮುಂದೆ ಓಡುತ್ತಾರೆ. ನಮ್ಮಂಥ ಪುಳಿಚಾರಿನವರು ಅರ್ಧ ಗಂಟೆ ಬಿಡುವು ಮಾಡಿಕೊಂಡು ಪಕ್ಕದ ಎಲಿಯಟ್ ಊರಿಗೆ ಹೋಗಬಹುದು. ಅಲ್ಲಿ ನದಿಯ ದಡದಲ್ಲಿ ಗ್ರೀನ್ ಏಕರ್ ಎಂಬ ಜಾಗವಿದೆ. ಸಾರಾ ಫಾರ್ಮರ್ ಎಂಬ ಮಹಿಳೆ 1894ರಲ್ಲಿ ಇಲ್ಲಿ ಬೇಸಿಗೆಯ ಧರ್ಮಗೋಷ್ಠಿಗಳನ್ನು ಶುರು ಮಾಡಿದರು. ಶಿಕಾಗೋ ಭಾಷಣದ ಮರುವರ್ಷ, ಆ ಮೊದಲ ಬೇಸಿಗೆಯಲ್ಲೇ ಸ್ವಾಮಿ ವಿವೇಕಾನಂದರು ಇಲ್ಲಿಗೆ ಬಂದಿದ್ದರು. ಒಂದು ಪೈನ್ ಮರದ ಕೆಳಗೆ, ನಮ್ಮ ಊರಿನ ಕಟ್ಟೆಯ ಮೇಲೆ ಕೂತ ಹಾಗೆ ಕೂತು ವೇದಾಂತ ಹೇಳಿದರು. ಕೇಳಲು ಬಂದವರಲ್ಲಿ ಅನೇಕರು ನದಿಯ ದಡದಲ್ಲಿ ಗುಡಾರ ಹಾಕಿಕೊಂಡಿದ್ದರು. ಈಗ ಆ ಜಾಗ ಬಹಾಯಿ ಪಂಥದವರ ಶಾಲೆ.

"ನೋಡಿ ಅಪ್ಪ, ಗುಡಾರಕ್ಕೆ ಎಂಥಾ ಪರಂಪರೆ ಇದೆ" ಎಂದೆ 2002ರಲ್ಲಿ.

"ಅವರು ಸನ್ಯಾಸಿ ಮಾರಾಯ, ಸೊಂಟ ನೋವಿಗೆಲ್ಲಾ ಹೆದರೋರಲ್ಲ" ಎಂದರು ಅಪ್ಪ.

ಅಕೇಡಿಯಾ: ಸೂರ್ಯ, ಸಮುದ್ರ, ಉಣುಗು

ಮೇನ್ ಕರಾವಳಿಯ ಮೌಂಟ್ ಡೆಸರ್ಟ್ ದ್ವೀಪದ ಮೇಲಿರುವ ಅಕೇಡಿಯಾ ನ್ಯಾಶನಲ್ ಪಾರ್ಕಿನ ಬ್ಲ್ಯಾಕ್‌ವುಡ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ನಮ್ಮ ಮೊದಲ ಮೂರು ರಾತ್ರಿಗಳು. 2002ರ ಮೊದಲ ರಾತ್ರಿಯೇ ಮಳೆ. ಅಗ್ಗದಲ್ಲಿ ಸಿಕ್ಕಿತೆಂದು ನಾನು ತಂದಿದ್ದ ಗುಡಾರ ನಡುರಾತ್ರಿಗೆ ಸೋರತೊಡಗಿತು. ಅಮ್ಮ ಮಕ್ಕಳಿಬ್ಬರನ್ನೂ ಮಡಿಲಿಗೆಳೆದುಕೊಂಡು ವ್ಯಾನಿನಲ್ಲಿ ಕೂತರು. ಅಪ್ಪ ಮಾತ್ರ ಕೊಡೆ ಬಿಡಿಸಿಕೊಂಡು ಗುಡಾರದೊಳಗೇ ಕೂತು, "ಸಾಗರದ ಮಳೆ ಇದಕ್ಕಿಂತ ಜೋರು" ಎಂದರು. ನಾವು ಸಾಗರದವರು. ಮಳೆಯ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಬೆಳಗಿನ ಜಾವ ಕ್ಯಾಡಿಲ್ಯಾಕ್ ಬೆಟ್ಟಕ್ಕೆ ಹೋಗುವುದು ಇಲ್ಲಿನ ಸಂಪ್ರದಾಯ. ಎತ್ತರ 1,530 ಅಡಿ ಮಾತ್ರ. ಆದರೆ ಅಮೆರಿಕದ ಅಟ್ಲಾಂಟಿಕ್ ತೀರದುದ್ದಕ್ಕೂ ಇದೇ ಅತಿ ಎತ್ತರದ ಬೆಟ್ಟ. ದೇಶದಲ್ಲಿ ಮೊದಲ ಸೂರ್ಯೋದಯ ಕಾಣುವುದು ಇಲ್ಲೇ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವಾಗುವುದು ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಮಾತ್ರ, ಆಗಸ್ಟಿನಲ್ಲಿ ಅಲ್ಲ. ಅದರಿಂದ ನಷ್ಟವೇನೂ ಇಲ್ಲ. ಕಪ್ಪು ದ್ವೀಪಗಳ ನಡುವಿನ ನೀರು ತಾಮ್ರದ ಬಣ್ಣಕ್ಕೆ ತಿರುಗುವಾಗ ಯಾರು ಮೊದಲು ಯಾರು ಎರಡನೆಯವರು ಎಂದು ಯಾರೂ ಕೇಳುವುದಿಲ್ಲ. ಅಪ್ಪ ಸ್ವೆಟರಿನ ಮೇಲೆ ಶಾಲು ಹೊದ್ದು ಕೈಮುಗಿದು ನಿಂತಿದ್ದರು. ಆಗ ಮನಸ್ಸಾದಾಗ ಕಾರು ಹತ್ತಿಸಿಬಿಡಬಹುದಿತ್ತು. 2021ರಿಂದ ಸೀಸನ್ನಿನಲ್ಲಿ ಕಾರಿಗೆ ಮುಂಗಡ ಪರವಾನಗಿ ಬೇಕು, ನೆನಪಿಡಿ.

ಥಂಡರ್ ಹೋಲ್ ಎಂಬಲ್ಲಿ ಬಂಡೆಯ ಇಕ್ಕಟ್ಟಿನೊಳಗೆ ಅಲೆ ನುಗ್ಗಿ, ಸಿಕ್ಕಿಬಿದ್ದ ಗಾಳಿ ಗುಡುಗಿನಂತೆ ಮೊಳಗುತ್ತದೆ. ಭರತಕ್ಕೆ ಒಂದೆರಡು ಗಂಟೆ ಮೊದಲು ಹೋದರೆ ಒಳ್ಳೆಯದು. ರಾಕ್‌ಫೆಲರ್ ಜೂನಿಯರ್ ಕುದುರೆ ಗಾಡಿಗಳಿಗೆಂದು ಹಾಕಿಸಿದ 45 ಮೈಲಿಯ ಕ್ಯಾರೇಜ್ ರಸ್ತೆಗಳಲ್ಲಿ ಕಾರಿಗೆ ಪ್ರವೇಶವಿಲ್ಲ. ವಯಸ್ಸಾದವರೂ ನೆಮ್ಮದಿಯಿಂದ ನಡೆಯಬಹುದು. ಜೋರ್ಡನ್ ಪಾಂಡಿನ ದಡದಲ್ಲಿ ಪಾಪ್‌ಓವರ್ ಎಂಬ ಉಬ್ಬಿದ ಬ್ರೆಡ್ಡು ಸಿಗುತ್ತದೆ. ಅಮ್ಮ ಅದನ್ನು ಮುರಿದು ನೋಡಿ, "ಒಳಗೇನೂ ಇಲ್ವಲ್ಲೋ, ಪೂರಿ ಉಬ್ಬಿದ ಹಾಗೆ!" ಎಂದರು. ಎರಡು ತಿಂದರು.

ಇಲ್ಲಿ ವೈದ್ಯನಾಗಿ ಒಂದು ಮಾತು. ಈ ರಾಜ್ಯಗಳಲ್ಲಿ ಕರಡಿಗಿಂತ ಹೆಚ್ಚು ಹೆದರಬೇಕಾದ್ದು ಎಳ್ಳಿನಷ್ಟಿರುವ ಒಂದು ಜೀವಿಗೆ: ಟಿಕ್. ನಮ್ಮ ಕಡೆಯ ಉಣುಗು. ಕನೆಕ್ಟಿಕಟ್ಟಿನ ಲೈಮ್ ಊರಿನಿಂದ ಹೆಸರು ಪಡೆದ ಲೈಮ್ ಕಾಯಿಲೆ ಹರಡುವುದು ಇದರಿಂದಲೇ. ಕಚ್ಚಿದ ತಕ್ಷಣ ರೋಗ ಬರುವುದಿಲ್ಲ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಅಂಟಿಕೊಂಡಿರಬೇಕು. ಆದ್ದರಿಂದ ದಿನವೂ ಸಂಜೆ ಮೈ ಪರೀಕ್ಷೆ ಮಾಡಿ, ಕಂಡರೆ ಸಣ್ಣ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆದರೆ ಬಹುಪಾಲು ಅಪಾಯ ತಪ್ಪಿತು. ಆಮೇಲೆ ಕೆಂಪು ಗುರುತು ಉಂಗುರದ ಹಾಗೆ ಹರಡಿದರೆ ಅಥವಾ ಜ್ವರ ಬಂದರೆ ತಡಮಾಡದೆ ಡಾಕ್ಟರನ್ನು ಕಾಣಿ.

2002ರಲ್ಲಿ ಈ ಭಾಷಣವನ್ನು ನಾನು ಶುರು ಮಾಡುವ ಮೊದಲೇ ಅಪ್ಪ ಲಾಟೀನಿನ ಬೆಳಕಿನಲ್ಲಿ ಮೊಮ್ಮಕ್ಕಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಸಂದು ನೋಡುತ್ತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುವುದೇ ತಾನೆ? ಅಲ್ಲಿ ಮಂಗ ಸತ್ತ ಸುದ್ದಿ ಬಂದರೆ ಸಾಗರದ ಕಡೆಯವರು ಇವತ್ತಿಗೂ ಸೊಪ್ಪಿನ ಬೆಟ್ಟಕ್ಕೆ ಹೋಗಲು ಹೆದರುತ್ತಾರೆ. ಎಂ.ಡಿ. ಮಾಡಿದ ಮಗನಿಗಿಂತ ಆ ಹೈಸ್ಕೂಲು ಮೇಷ್ಟರ ಕಣ್ಣು ಚುರುಕಾಗಿತ್ತು. ಒಂದನ್ನು ಹಿಡಿದೂ ಬಿಟ್ಟರು.

ನೀರಿನಡಿಯ ದಾರಿ

ದ್ವೀಪದ ಮುಖ್ಯ ಊರು ಬಾರ್ ಹಾರ್ಬರ್. ಅದರ ಎದುರಿಗೆ ಬಾರ್ ಐಲೆಂಡ್ ಎಂಬ ಪುಟ್ಟ ನಡುಗಡ್ಡೆ. ಭರತವಿದ್ದಾಗ ಎರಡರ ನಡುವೆ ಬರೀ ನೀರು. ಇಳಿತವಾದಾಗ ಸಮುದ್ರದ ತಳದಿಂದ ಜಲ್ಲಿಯ ಅಗಲವಾದ ದಾರಿ ಎದ್ದು ಬರುತ್ತದೆ. ಇಳಿತದ ಹಿಂದೆ ಮುಂದೆ ಒಂದೂವರೆ ಗಂಟೆ ಅದರ ಮೇಲೆ ನಡೆದು ಹೋಗಿ ಬರಬಹುದು. ಹೊತ್ತು ಮರೆತರೆ ಮುಂದಿನ ಇಳಿತದವರೆಗೆ ನಡುಗಡ್ಡೆಯಲ್ಲೇ ವಾಸ.

ಮಕ್ಕಳು ಕಪ್ಪೆಚಿಪ್ಪು ಹೆಕ್ಕುತ್ತಿದ್ದರು. ಅಪ್ಪ ದಾರಿಯ ನಡುವೆ ನಿಂತುಬಿಟ್ಟರು. ನಾನು ಸುಸ್ತಾಯಿತೇನೋ ಎಂದು ಹತ್ತಿರ ಹೋದೆ.

"ಎಷ್ಟು ಹೊತ್ತಿಗೆ ನೀರು ವಾಪಸು ಬರತ್ತೆ?" ಎಂದರು.

"ಇನ್ನೂ ಎರಡು ಗಂಟೆ ಇದೆ ಅಪ್ಪ."

"ಇಲ್ಲಿ ಬರತ್ತೆ, ಹೋಗತ್ತೆ. ನಮ್ಮಲ್ಲಿಗೆ ಬಂದ ನೀರು ಹೋಗ್ಲೇ ಇಲ್ಲ ನೋಡು."

ಅಪ್ಪನ ಊರು ಶರಾವತಿಯಲ್ಲಿ ಮುಳುಗಿತ್ತೆಂದು ನನಗೆ ಗೊತ್ತಿತ್ತು. ಲಿಂಗನಮಕ್ಕಿ ಆಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅಪ್ಪನಿಗೆ 28 ವರ್ಷ. ನಾನು ಹುಟ್ಟುವಾಗ ಮನೆಯವರೆಲ್ಲಾ ಸಾಗರದ ಹತ್ತಿರ ನೆಲೆಸಿ ವರ್ಷಗಳಾಗಿದ್ದವು. ಮನೆಯಲ್ಲಿ ಆ ಮಾತು ಬರುತ್ತಿದ್ದದ್ದು ಪರಿಹಾರದ ಕಾಗದಗಳನ್ನು ಹುಡುಕುವಾಗ ಮಾತ್ರ. ಅವತ್ತು ಅಪ್ಪ ಅಟ್ಲಾಂಟಿಕ್ಕಿನ ತಳದ ಮೇಲೆ ನಿಂತು ಅರ್ಧ ಗಂಟೆ ಹೇಳಿದರು. ಮನೆ ಬಿಚ್ಚಿ ಹೆಂಚು, ತೊಲೆ, ಬಾಗಿಲುಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದದ್ದು. ಫಲ ಬಿಟ್ಟ ಅಡಿಕೆ ತೋಟವನ್ನು ಹಾಗೇ ಬಿಟ್ಟು ಬಂದದ್ದು. ನೀರು ಒಂದೇ ದಿನಕ್ಕೆ ಬರಲಿಲ್ಲ, ದಿನಕ್ಕಿಷ್ಟು ದಿನಕ್ಕಿಷ್ಟು ಏರಿ ಮೊದಲು ಗದ್ದೆ, ಆಮೇಲೆ ತೋಟ, ಕೊನೆಗೆ ಅಂಗಳ ಮುಳುಗಿದ್ದು. ನಾನು ಚಿಕ್ಕಂದಿನಲ್ಲಿ ಜೋತಾಡುತ್ತಿದ್ದ ಸಾಗರದ ಮನೆಯ ಹೆಬ್ಬಾಗಿಲು ಅಲ್ಲಿಂದ ಬಂದದ್ದೆಂದು ಆ ದಿನದವರೆಗೂ ನನಗೆ ಗೊತ್ತಿರಲಿಲ್ಲ!

"ಬೇಸಿಗೆಯಲ್ಲಿ ನೀರು ಪೂರ್ತಿ ಇಳಿದ ವರ್ಷ ನಮ್ಮ ಬಾವಿಕಟ್ಟೆ ಕಾಣತ್ತೆ. ಒಂದ್ಸಲ ಮೇ ತಿಂಗಳಲ್ಲಿ ಬಾ, ತೋರಿಸ್ತೀನಿ."

"ಬರ್ತೀನಿ ಅಪ್ಪ" ಎಂದೆ.

ಹೋಗಲಿಲ್ಲ. ಮಕ್ಕಳ ಶಾಲೆಗೆ ರಜೆ ಡಿಸೆಂಬರಿನಲ್ಲಿ, ನನ್ನ ಆಸ್ಪತ್ರೆಯ ರಜೆಯೂ ಆಗಲೇ. ನಾವು ಊರಿಗೆ ಹೋದದ್ದೆಲ್ಲಾ ಡಿಸೆಂಬರಿಗೇ. ಡಿಸೆಂಬರಿನಲ್ಲಿ ಹಿನ್ನೀರು ತುಂಬಿ ನಿಂತಿರುತ್ತದೆ. ಅಪ್ಪ ಮತ್ತೆ ಕೇಳಲಿಲ್ಲ. 2012ರಲ್ಲಿ ತೀರಿಕೊಂಡರು.

ಈ ಸಲ ಅದೇ ಜಲ್ಲಿಯ ದಾರಿಯಲ್ಲಿ ನಡೆಯುವಾಗ ಇದನ್ನೆಲ್ಲಾ ಮಕ್ಕಳಿಗೆ ಹೇಳಿದೆ. ಮಗಳು ಫೋನಿನಲ್ಲಿ ಉಪಗ್ರಹದ ನಕ್ಷೆ ತೆಗೆದು, ಶರಾವತಿಯ ನೀಲಿ ಕವಲುಗಳನ್ನು ದೊಡ್ಡದು ಮಾಡಿ, "ಎಲ್ಲಿತ್ತು ಮನೆ, ತೋರಿಸಿ" ಎಂದಳು. ನನ್ನ ಬೆರಳು ಪರದೆಯ ಮೇಲೆ ಅತ್ತಿತ್ತ ಓಡಾಡಿತು. ತೋರಿಸಲಾಗಲಿಲ್ಲ.

ಬಿದ್ದುಹೋದ ಮುದುಕ

ಮೇನ್‌ನಿಂದ ಪಶ್ಚಿಮಕ್ಕೆ ರೂಟ್ 2 ಹಿಡಿದು ಕಾಡು, ಕಾಗದದ ಕಾರ್ಖಾನೆಯ ಊರುಗಳನ್ನು ದಾಟಿದರೆ ನ್ಯೂ ಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್. ಅಲ್ಲಿನ ರಾಜ ಮೌಂಟ್ ವಾಷಿಂಗ್ಟನ್, 6,288 ಅಡಿ. ಆಗುಂಬೆ ಘಾಟಿಯಲ್ಲಿ ಕಾರು ಓಡಿಸಿದವರಿಗೂ ಇಲ್ಲಿನ ಆಟೋ ರೋಡ್ ಬೆವರಿಳಿಸುತ್ತದೆ. 1861ರಲ್ಲಿ ತೆರೆದ ರಸ್ತೆ, ಏಳೂವರೆ ಮೈಲಿಗೂ ಸ್ವಲ್ಪ ಹೆಚ್ಚು, ಬಹುಪಾಲು ತಡೆಗೋಡೆಯೇ ಇಲ್ಲ! ಕಾರಿನ ಆಸೆ ಬೇಡವೆಂದರೆ ಇನ್ನೊಂದು ಮಗ್ಗುಲಿನಿಂದ 1869ರಲ್ಲಿ ಶುರುವಾದ ಹಲ್ಲುಗಾಲಿಯ ರೈಲಿದೆ. ಶಿಖರದಲ್ಲಿ 1934ರ ಏಪ್ರಿಲ್ 12ರಂದು ಗಂಟೆಗೆ 231 ಮೈಲಿ ವೇಗದ ಗಾಳಿ ದಾಖಲಾಗಿತ್ತು. ನಾವು ಹೋದ ದಿನ ಆಗಸ್ಟಿನಲ್ಲೂ ಟೋಪಿ ಹಾರಿಹೋಯಿತು. ಅಲ್ಲಿಂದ ಕ್ಯಾಂಕಮೇಗಸ್ ಹೆದ್ದಾರಿಯ 34 ಮೈಲಿ. ತೊರೆ, ಬಂಡೆ, ಕಣಿವೆ ಎಲ್ಲಾ ಇತ್ತು. ಮೂಸ್ ಬರಬಹುದು ಎಂಬ ಫಲಕಗಳೂ ಇದ್ದವು. ಎರಡು ಸಲ ಹೋದರೂ ಫಲಕ ಮಾತ್ರ ಕಂಡದ್ದು.

ಆದರೆ 2002ರಲ್ಲಿ ಅಪ್ಪ ಕಾತರದಿಂದ ಕಾದದ್ದು ಫ್ರಾಂಕೋನಿಯಾ ನಾಚ್ ಎಂಬ ಕಣಿವೆಗೆ. ಅಲ್ಲಿ ಪ್ರೊಫೈಲ್ ಸರೋವರದ ಮೇಲೆ 1,200 ಅಡಿ ಎತ್ತರದ ಬಂಡೆಯಂಚಿನಲ್ಲಿ "ಓಲ್ಡ್ ಮ್ಯಾನ್ ಆಫ್ ದ ಮೌಂಟನ್" ಇತ್ತು. ಹಣೆ, ಮೂಗು, ತುಟಿ, ಗದ್ದ ಎಲ್ಲಾ ಸ್ಪಷ್ಟವಾಗಿ, ಪಕ್ಕದಿಂದ ನೋಡಿದರೆ ಥೇಟ್ ಮುದುಕನ ಮುಖ. ಐದು ಗ್ರಾನೈಟ್ ಪದರಗಳಿಂದ ತಾನಾಗಿಯೇ ಆದದ್ದು, ಹಣೆಯಿಂದ ಗದ್ದದವರೆಗೆ 40 ಅಡಿ. ನಥಾನಿಯಲ್ ಹಾಥಾರ್ನ್ ಬರೆದ "ದ ಗ್ರೇಟ್ ಸ್ಟೋನ್ ಫೇಸ್" ಕಥೆಯ ಹಿಂದಿರುವುದು ಇದೇ ಮುಖ. ಇಂಗ್ಲಿಷ್ ಮೇಷ್ಟರಾದ ಅಪ್ಪ ಆ ಕಥೆಯನ್ನು ಎಷ್ಟು ವರ್ಷ ತರಗತಿಯಲ್ಲಿ ಹೇಳಿದ್ದರೋ! ಕತ್ತೆತ್ತಿ ಬಹಳ ಹೊತ್ತು ನೋಡಿದರು. "ಮೂಗು ನಮ್ಮ ಹೆಡ್‌ಮಾಸ್ಟರದ್ದೇ" ಎಂದರು. ಆ ಮುಖವಿದ್ದ ನ್ಯೂ ಹ್ಯಾಂಪ್‌ಶೈರಿನ 25 ಸೆಂಟಿನ ನಾಣ್ಯವೊಂದನ್ನು ನನ್ನಿಂದ ಕೇಳಿ ಪಡೆದು ಜೇಬಿಗೆ ಹಾಕಿಕೊಂಡರು. ಈಗ ಅದು ಸಾಗರದಲ್ಲಿ ಅಮ್ಮನ ದೇವರ ಗೂಡಿನಲ್ಲಿದೆ.

ಬಿರುಕಿನಲ್ಲಿ ನೀರಿಳಿಯುವುದು, ಚಳಿಗೆ ಹೆಪ್ಪುಗಟ್ಟಿ ಹಿಗ್ಗುವುದು, ಕರಗುವುದು, ಮತ್ತೆ ಹೆಪ್ಪುಗಟ್ಟುವುದು. ಇದು ಆ ಮುದುಕನ ಹಳೆಯ ಕಾಯಿಲೆ. 1916ರಿಂದಲೇ ಹಣೆಗೆ ಉಕ್ಕಿನ ಸರಳು ಬಿಗಿದು, 1958ರಲ್ಲಿ ಸಿಮೆಂಟು, ಇನ್ನಷ್ಟು ಸರಳು, ನೀರು ಹೋಗಲು ಕಾಲುವೆ ಮಾಡಿ, ವರ್ಷವರ್ಷವೂ ಹಗ್ಗದಲ್ಲಿ ಇಳಿದು ಬಿರುಕು ಅಳೆದು ಉಪಚಾರ ಮಾಡುತ್ತಿದ್ದರು. ನಾವು ಐ.ಸಿ.ಯು.ನಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕೊನೆಗೆ 2003ರ ಮೇ 3ರ ನಡುರಾತ್ರಿಯ ನಂತರ, ಯಾರೂ ನೋಡದ ಹೊತ್ತಿನಲ್ಲಿ, ಮುಖ ಕುಸಿದು ಬಿತ್ತು. ನಾವು ನೋಡಿ ಒಂಬತ್ತೇ ತಿಂಗಳಾಗಿತ್ತು.

ಸುದ್ದಿ ಓದಿ ಅಪ್ಪನಿಗೆ ಫೋನ್ ಮಾಡಿದೆ. "ಯಾರಿಗೂ ಪೆಟ್ಟಾಗಲಿಲ್ಲ ತಾನೆ?" ಎಂದು ಮೊದಲು ಕೇಳಿದರು. ಆಮೇಲೆ, "ಆ ಊರಿನ ಜನ ಇನ್ನೂ ಬಹಳ ವರ್ಷ ಕತ್ತೆತ್ತಿ ನೋಡ್ತಾರೆ. ಅಭ್ಯಾಸ ಹೋಗಲ್ಲ" ಎಂದರು.

ಅದು ನಿಜವೆಂದು ಈ ಸಲ ಕಂಡೆ. ಮುಖವನ್ನು ಮತ್ತೆ ಕಟ್ಟುವ ಮಾತು ಬಂದಿತ್ತಂತೆ, ಬೇಡವೆಂದು ಬಿಟ್ಟರು. ಬದಲಿಗೆ ಸರೋವರದ ದಡದಲ್ಲಿ ಉಕ್ಕಿನ ಕಂಬಗಳನ್ನು ನೆಟ್ಟಿದ್ದಾರೆ. ನಮ್ಮ ಎತ್ತರಕ್ಕೆ ತಕ್ಕ ಗುರುತಿನ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರೆ, ಕಂಬದ ಮೇಲಿನ ಉಬ್ಬುತಗ್ಗುಗಳು ದೂರದ ಬಂಡೆಗೆ ಕೂಡಿಕೊಂಡು ಹಳೆಯ ಮುಖ ಸರಿಯಾಗಿ ಇದ್ದ ಜಾಗದಲ್ಲೇ ಕಾಣುತ್ತದೆ! ನಮ್ಮ ಮುಂದೆ ಒಬ್ಬ ಅಜ್ಜ ತನ್ನ ಮೊಮ್ಮಗುವನ್ನು ಎತ್ತಿ ಹಿಡಿದು ತೋರಿಸುತ್ತಿದ್ದ. ನನ್ನ ಮಗ ಬಹಳ ಹೊತ್ತು ನೋಡಿ ಹೇಳಿದ: "ಇವರಿಗೆ ಎಲ್ಲಿ ನಿಂತು ನೋಡ್ಬೇಕು ಅಂತಾದ್ರೂ ಗೊತ್ತಿದೆ ಅಪ್ಪ."

ಅವನು ಚುಚ್ಚಿ ಹೇಳಿದ್ದಲ್ಲ. ಆದರೂ ಚುಚ್ಚಿತು.

ಮುಚ್ಚಿದ ಸೇತುವೆ, ತೆರೆದ ಸೇತುವೆ

ಕೊನೆಯ ರಾತ್ರಿ ವರ್ಮಾಂಟಿನ ಕ್ವೀಚಿ ಸ್ಟೇಟ್ ಪಾರ್ಕಿನಲ್ಲಿ, 165 ಅಡಿ ಆಳದ ಕಂದರದ ಪಕ್ಕ. ಇಲ್ಲಿ ಗುಡಾರದ ಬದಲು ಲೀನ್-ಟು ಎಂಬ ಮೂರು ಗೋಡೆಯ ಮರದ ಜಗಲಿ ಸಿಗುತ್ತದೆ. 2002ರಲ್ಲಿ ಅಮ್ಮನಿಗೆ ಇಡೀ ಪ್ರವಾಸದಲ್ಲಿ ಚೆನ್ನಾಗಿ ನಿದ್ದೆ ಬಂದದ್ದು ಇದರಲ್ಲೇ. ವರ್ಮಾಂಟಿನ ಮೇಪಲ್ ಸಿರಪ್ಪನ್ನು ಅಮ್ಮ ಬೆರಳಿಗೆ ಹಚ್ಚಿಕೊಂಡು ನೆಕ್ಕಿ, "ಜೋನಿ ಬೆಲ್ಲ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು. ಸುಮಾರು 40 ಗ್ಯಾಲನ್ ಮರದ ರಸ ಕಾಯಿಸಿದರೆ ಒಂದು ಗ್ಯಾಲನ್ ಸಿರಪ್. ಆಲೆಮನೆ ನೋಡಿದವರಿಗೆ ಆ ಕಷ್ಟ ಅರ್ಥವಾಗುತ್ತದೆ.

ಹೋಗುವವರಿಗೆ ನಾಲ್ಕು ಮಾತು: ಕ್ಯಾಂಪಿನ ಜಾಗವನ್ನು ತಿಂಗಳುಗಳ ಮೊದಲೇ ಕಾದಿರಿಸಿ. ಮನೆಯಿಂದ ಸೌದೆ ಒಯ್ಯಬೇಡಿ, ಮರ ಕೊಲ್ಲುವ ಹುಳುಗಳು ಅದರ ಜೊತೆ ಹೋಗುತ್ತವೆ, ಅಲ್ಲೇ ಕೊಳ್ಳಿ. ರಾತ್ರಿ ಒಗ್ಗರಣೆ ಡಬ್ಬಿಯೂ ಸೇರಿ ಎಲ್ಲಾ ತಿನಿಸೂ ಕಾರಿನೊಳಗಿರಲಿ, ಕರಡಿಗೆ ಪುಳಿಯೋಗರೆ ಪರಿಚಯ ಮಾಡಿಸಬೇಡಿ. ಗುಡಾರದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.

ಮರುದಿನ ಬೆಳಿಗ್ಗೆ ವಿಂಡ್ಸರ್ ಊರಿಗೆ ಹೋದೆವು. ಅಲ್ಲಿ ಕನೆಕ್ಟಿಕಟ್ ನದಿಯ ಮೇಲೆ ವರ್ಮಾಂಟನ್ನೂ ನ್ಯೂ ಹ್ಯಾಂಪ್‌ಶೈರನ್ನೂ ಜೋಡಿಸುವ ಸೂರಿರುವ ಮರದ ಸೇತುವೆಯಿದೆ. ಉದ್ದ 449 ಅಡಿ, ಕಟ್ಟಿದ್ದು 1866ರಲ್ಲಿ. ಕುದುರೆಯನ್ನು ನಡೆಸಿಕೊಂಡು ಹೋಗದಿದ್ದರೆ ಎರಡು ಡಾಲರ್ ದಂಡ ಎಂಬ ಹಳೆಯ ಫಲಕ ಈಗಲೂ ಇದೆ. 2002ರಲ್ಲಿ ಕಾರು ಹೋಗುವ ಇಂಥ ಸೇತುವೆಗಳಲ್ಲಿ ದೇಶಕ್ಕೇ ಉದ್ದದ್ದು ಎನ್ನುತ್ತಿದ್ದರು. 2008ರಲ್ಲಿ ಒಹಾಯೋದವರು ಇನ್ನೂ ಉದ್ದದ್ದನ್ನು ಕಟ್ಟಿದರು.

ಆ ಸಲ ಅಪ್ಪ ಇಸವಿಯನ್ನು ಓದಿ, "ನೂರ ಮೂವತ್ತಾರು ವರ್ಷ! ನಮ್ಮ ತುಮರಿಗೆ ಯಾವಾಗಪ್ಪಾ ಸೇತುವೆ?" ಎಂದಿದ್ದರು. ಅಪ್ಪನ ತಂಗಿಯನ್ನು ಹಿನ್ನೀರಿನ ಆಚೆ ತುಮರಿ ಕಡೆಗೆ ಕೊಟ್ಟಿದ್ದರು. ತಂಗಿಯ ಮನೆಗೆ ಹೋಗಬೇಕೆಂದರೆ ಲಾಂಚಿಗೆ ಕಾಯಬೇಕು. ಲಾಂಚಿನಲ್ಲಿ ನಿಂತಷ್ಟು ಹೊತ್ತೂ ಅಪ್ಪ ಒಂದೇ ದಿಕ್ಕಿಗೆ ನೋಡುತ್ತಿದ್ದರೆಂದು ಅಮ್ಮ ಹೇಳುತ್ತಾರೆ. ಅಮ್ಮ ಮದುವೆಯಾಗಿ ಬಂದದ್ದು 1966ರಲ್ಲಿ. ಆ ಮನೆಯನ್ನು ಅವರೂ ಕಂಡವರಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ, ಸುಮಾರು 2.4 ಕಿಲೋಮೀಟರ್ ಉದ್ದದ ಆ ಸೇತುವೆ ಉದ್ಘಾಟನೆಯಾಯಿತು. ತಮ್ಮ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ್ದ. ಕ್ವೀಚಿಯಲ್ಲಿ ಹಿಂದಿನ ರಾತ್ರಿ ಒಂಬತ್ತಕ್ಕೆ, ಅಂದರೆ ಊರಿನಲ್ಲಿ ಬೆಳಿಗ್ಗೆ ಆರೂವರೆಗೆ, ಬೆಂಕಿಯ ಪಕ್ಕ ಕೂತು ಅತ್ತೆಗೆ ಫೋನ್ ಮಾಡಿದ್ದೆ.

"ಸೇತುವೆ ಆಯ್ತು ಮಾರಾಯ" ಎಂದರು. "ಅಣ್ಣ ಇರ್ಬೇಕಿತ್ತು."

"ಅತ್ತೆ, ನಮ್ಮ ಹಳೇ ಮನೆ ಎಲ್ಲಿತ್ತು ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ದೆ ಏನು? ಅದೇ ಬಾವಿಯಿಂದ ನೀರು ಸೇದಿ ಬೆಳೆದವಳು ನಾನು. ನೀರು ಇಳಿದಾಗ ಬಾ, ದಡದಲ್ಲಿ ನಿಂತು ತೋರಿಸ್ತೀನಿ. ಆದ್ರೆ ತಡ ಮಾಡ್ಬೇಡ ತಮ್ಮಾ, ನನಗೂ ಎಂಬತ್ತೆರಡು."

ಮಕ್ಕಳಿಬ್ಬರೂ ಕೇಳಿಸಿಕೊಂಡರು. ತಾವೂ ಬರುತ್ತೇವೆ ಎಂದರು.

ಮನೆಗೆ ಬಂದು ಗುಡಾರ ಒಣಗಿಸುವ ಮೊದಲೇ ಟಿಕೆಟ್ ಬುಕ್ ಮಾಡಿದೆ. ಈ ಸಲ ಡಿಸೆಂಬರಿಗಲ್ಲ, ಮೇ ತಿಂಗಳಿಗೆ.